ಕಪ್ಪತಗುಡ್ಡಕ್ಕೆ ‘ಧಾಮ’, ಮಾಗಡಿ ಕೆರೆಗೆ ‘ಮೀಸಲು’: ಫಲಕದ ಹೆಸರು ಯಾರ ಕೈ ಕಟ್ಟುತ್ತದೆ?

ಪ್ರಶ್ನೆ: ನನ್ನ ತವರೂರು ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಯ ಹತ್ತಿರ, ಗಂಡನ ಮನೆ ಮುಂಡರಗಿ ತಾಲ್ಲೂಕಿನಲ್ಲಿ, ಕಪ್ಪತಗುಡ್ಡದ ಬುಡದಲ್ಲಿ. ಕೆರೆಯನ್ನು ‘ಸಂರಕ್ಷಣಾ ಮೀಸಲು’ ಎಂದೂ ‘ರಾಮ್ಸಾರ್ ತಾಣ’ ಎಂದೂ ಕರೆಯುತ್ತಾರೆ. ಗುಡ್ಡವನ್ನು ‘ವನ್ಯಜೀವಿ ಧಾಮ’ ಎನ್ನುತ್ತಾರೆ. ಈ ಹೆಸರುಗಳಲ್ಲಿ ನಿಜವಾದ ವ್ಯತ್ಯಾಸವಿದೆಯೇ? ಬಾತುಗಳು ರಾತ್ರಿ ಕಡಲೆ ಹೊಲಕ್ಕೆ ಇಳಿಯುತ್ತವೆ ಎಂದು ತವರಿನಲ್ಲಿ ಅಣ್ಣನ ತಕರಾರು. ಧಾಮವಾದ ಮೇಲೆ ಕುರಿಯನ್ನು ಗುಡ್ಡಕ್ಕೆ ಹೊಡೆಯುವಂತೆಯೇ ಇಲ್ಲವೇ ಎಂದು ಇಲ್ಲಿ ಮಾವನವರ ಚಿಂತೆ. ನಾನು ಶಿಕ್ಷಕಿ. ಬರುವ ಮಳೆಗಾಲದಲ್ಲಿ ಮಕ್ಕಳಿಂದ ಮಾಗಡಿ ಕೆರೆಯ ಸುತ್ತ ಸಸಿ ನೆಡಿಸಬೇಕೆಂದಿದ್ದೇನೆ. ಅದು ಸರಿಯಾದೀತೇ?

ಉತ್ತರ: ವ್ಯತ್ಯಾಸವಿದೆ, ಮತ್ತು ಅದು ಸಣ್ಣದಲ್ಲ. ಆದರೆ ಸಾಮಾನ್ಯವಾಗಿ ಜನರು ಊಹಿಸುವ ಜಾಗದಲ್ಲಿ ಅದು ಇಲ್ಲ. ಧಾಮ, ಮೀಸಲು ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ನಮ್ಮ ಊರುಗಳಲ್ಲಿ ಏಳುವ ಮೊದಲ ಪ್ರಶ್ನೆ ‘ನಮ್ಮನ್ನು ಒಳಗೆ ಬಿಡುತ್ತಾರೋ ಇಲ್ಲವೋ’ ಎಂಬುದು. ಕಾನೂನನ್ನು ಓದಿದರೆ ಈ ಹೆಸರುಗಳು ಮುಖ್ಯವಾಗಿ ಕಟ್ಟಿಹಾಕುವುದು ಕುರಿಗಾರರ ಕೈಯನ್ನಲ್ಲ, ಸರಕಾರದ ಕೈಯನ್ನು. ಇದನ್ನು ಕಪ್ಪತಗುಡ್ಡದ ಕಥೆಯೇ ತೋರಿಸಿಕೊಡುತ್ತದೆಯಾದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ.

ಗದಗ, ಮುಂಡರಗಿ, ಶಿರಹಟ್ಟಿ ತಾಲ್ಲೂಕುಗಳಲ್ಲಿ ಹಾಯ್ದುಹೋಗುವ ಈ ಗುಡ್ಡಸಾಲು ಧಾರವಾಡ ಶಿಲಾಸಮೂಹಕ್ಕೆ ಸೇರಿದ್ದು. ಭೂವಿಜ್ಞಾನಿಗಳು ಇದನ್ನು ಗದಗ ಶಿಲಾಪಟ್ಟಿ ಎಂದು ಗುರುತಿಸುತ್ತಾರೆ. ಕಬ್ಬಿಣ, ಮ್ಯಾಂಗನೀಸ್ ಮತ್ತು ಚಿನ್ನ ಮೂರೂ ಈ ಕಲ್ಲಿನಲ್ಲಿವೆ. ಬ್ರಿಟಿಷರ ಕಾಲದಲ್ಲೇ ಅತ್ತಿಕಟ್ಟಿ, ಕಬಲಾಯತಕಟ್ಟಿ ಸುತ್ತ ಚಿನ್ನಕ್ಕಾಗಿ ನೆಲ ತೋಡಿದ್ದರು. ಗುಡ್ಡದ ಆಪತ್ತೆಲ್ಲ ಹುಟ್ಟುವುದು ಅದರ ಹೊಟ್ಟೆಯಿಂದಲೇ. ಮೇಲಿನ ಹುಲ್ಲು, ಕವಳಿ ಕಂಟಿ, ತೋಳ, ಕತ್ತೆಕಿರುಬಗಳಿಗೆ ಯಾರೂ ಬೆಲೆ ಕಟ್ಟುವುದಿಲ್ಲ. ಕೆಳಗಿನ ಅದಿರಿಗೆ ಮಾತ್ರ ಬೆಲೆ ಉಂಟು.

2015ರ ಡಿಸೆಂಬರ್‌ನಲ್ಲಿ ರಾಜ್ಯ ಸರಕಾರವು ಸುಮಾರು 17,872 ಹೆಕ್ಟೇರ್ ಪ್ರದೇಶವನ್ನು ಸಂರಕ್ಷಣಾ ಮೀಸಲು ಎಂದು ಘೋಷಿಸಿತು. ಒಂದು ವರ್ಷವೂ ತುಂಬುವ ಮೊದಲೇ, 2016ರ ನವೆಂಬರ್‌ನಲ್ಲಿ, ಅದೇ ಸರಕಾರ ಆ ಘೋಷಣೆಯನ್ನು ಹಿಂಪಡೆಯಿತು. ಆಗ ಗದಗದಲ್ಲಿ ನಡೆದದ್ದು ನಿಮಗೂ ನೆನಪಿರಬಹುದು: ತೋಂಟದ ಸಿದ್ಧಲಿಂಗ ಸ್ವಾಮೀಜಿಯವರ ನೇತೃತ್ವದಲ್ಲಿ 2017ರ ಫೆಬ್ರುವರಿಯಲ್ಲಿ ಜನ ಅಹೋರಾತ್ರಿ ಧರಣಿ ಕುಳಿತರು, ಏಪ್ರಿಲ್‌ನಲ್ಲಿ ಮೀಸಲು ಮರಳಿ ಬಂತು. ಬಳಿಕ 2019ರ ಮೇ ತಿಂಗಳಲ್ಲಿ 244.15 ಚದರ ಕಿಲೋಮೀಟರ್ ಪ್ರದೇಶ ವನ್ಯಜೀವಿ ಧಾಮವಾಯಿತು.

ಒಮ್ಮೆ ಮೀಸಲು ಎಂದು ಘೋಷಿಸಿ, ಮರಳಿ ಸಿಕ್ಕ ಮೇಲೂ ಜನ ಅಷ್ಟಕ್ಕೇ ತೃಪ್ತರಾಗದೆ ಧಾಮವೇ ಬೇಕೆಂದು ಏಕೆ ಪಟ್ಟು ಹಿಡಿದರು? 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 36-ಎ ಕಲಮಿನಡಿ ಬರುವ ಸಂರಕ್ಷಣಾ ಮೀಸಲನ್ನು ರಾಜ್ಯ ಸರಕಾರವೇ, ಸ್ಥಳೀಯರೊಂದಿಗೆ ಸಮಾಲೋಚಿಸಿ, ಸರಕಾರಿ ಜಮೀನಿನಲ್ಲಿ ಘೋಷಿಸುತ್ತದೆ. ಕೊಟ್ಟ ಕೈಯೇ ಅದನ್ನು ಕಿತ್ತುಕೊಳ್ಳಬಹುದು ಎಂಬುದನ್ನು 2016 ತೋರಿಸಿತು. ಧಾಮದ ವಿಷಯ ಹಾಗಲ್ಲ. 26-ಎ ಕಲಮಿನ ಪ್ರಕಾರ ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಶಿಫಾರಸು ಇಲ್ಲದೆ ರಾಜ್ಯ ಸರಕಾರವು ಧಾಮದ ಎಲ್ಲೆಯನ್ನು ಬದಲಿಸುವಂತಿಲ್ಲ. ಅಂದರೆ ಬೆಂಗಳೂರಿನಲ್ಲಿ ಯಾವ ಪಕ್ಷ ಕುಳಿತರೂ, ಒಂದು ಸಂಪುಟ ಸಭೆಯ ಸಂಜೆಯಲ್ಲಿ ಗುಡ್ಡವನ್ನು ಬಿಟ್ಟುಕೊಡಲಾಗದು. ಇದಕ್ಕೆ ಇನ್ನೊಂದು ಗಂಟು ಸೇರಿದೆ: ಧಾಮಗಳ ಮತ್ತು ರಾಷ್ಟ್ರೀಯ ಉದ್ಯಾನಗಳ ಒಳಗಷ್ಟೇ ಅಲ್ಲ, ಅವುಗಳ ಗಡಿಯಿಂದ ಒಂದು ಕಿಲೋಮೀಟರ್‌ವರೆಗೂ ಗಣಿಗಾರಿಕೆ ಸಲ್ಲದು ಎಂದು ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ಹೇಳಿದೆ. ಈ ರಕ್ಷಣೆ ‘ಮೀಸಲು’ ಎಂಬ ಹೆಸರಿಗೆ ದೊರೆಯುವುದಿಲ್ಲ, ‘ಧಾಮ’ಕ್ಕೆ ದೊರೆಯುತ್ತದೆ. ಗುಡ್ಡಕ್ಕೆ ಈ ಒಂದು ಶಬ್ದ ಸಿಕ್ಕಿದ್ದು ಅದರಿಂದಲೇ ದೊಡ್ಡ ಸಂಗತಿ.

ಇನ್ನು ಮಾವನವರ ಕುರಿಗಳ ವಿಚಾರ. ಇಲ್ಲಿ ಧಾಮವನ್ನೂ ರಾಷ್ಟ್ರೀಯ ಉದ್ಯಾನವನ್ನೂ ಬೆರೆಸಿ ಮಾತನಾಡುವುದರಿಂದ ಗೊಂದಲ ಹುಟ್ಟುತ್ತದೆ. ರಾಷ್ಟ್ರೀಯ ಉದ್ಯಾನದಲ್ಲಿ ಜಾನುವಾರು ಮೇಯಿಸುವುದಕ್ಕೆ ಅವಕಾಶವಿಲ್ಲ. ಧಾಮದಲ್ಲಾದರೋ ಮೇಯಿಸುವುದನ್ನು ಕಾಯ್ದೆ ತಾನಾಗಿ ನಿಷೇಧಿಸಿಲ್ಲ; 33ನೆಯ ಕಲಮು ಅದನ್ನು ನಿಯಂತ್ರಿಸುವ ಅಥವಾ ನಿಷೇಧಿಸುವ ಅಧಿಕಾರವನ್ನು ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಕೊಟ್ಟಿದೆ, ಮತ್ತು ಅವರು ಅನುಮತಿಸಿದ ಮೇಯುವಿಕೆಯು ಅಪರಾಧವಲ್ಲ ಎಂದು 29ನೆಯ ಕಲಮಿನ ವಿವರಣೆಯೇ ಹೇಳುತ್ತದೆ. ಸ್ಥಳೀಯರು ಕುಡಿಯಲು ಮತ್ತು ಮನೆಬಳಕೆಗೆ ನೀರು ತೆಗೆದುಕೊಳ್ಳುವುದಕ್ಕೂ ಅದೇ ವಿವರಣೆಯಲ್ಲಿ ರಕ್ಷಣೆಯಿದೆ. ಆದ್ದರಿಂದ ‘ಧಾಮವಾಯಿತು, ಕುರಿ ಮುಗಿಯಿತು’ ಎನ್ನುವುದೂ ತಪ್ಪು, ‘ಅಜ್ಜನ ಕಾಲದಿಂದ ಹೊಡೆಯುತ್ತಿದ್ದೇವೆ, ಯಾರು ಕೇಳುತ್ತಾರೆ’ ಎನ್ನುವುದೂ ತಪ್ಪು. ಯಾವ ಭಾಗದಲ್ಲಿ, ಯಾವ ತಿಂಗಳಲ್ಲಿ ಮೇಯಿಸಬಹುದು ಎಂಬುದನ್ನು ವಲಯ ಅರಣ್ಯಾಧಿಕಾರಿಯವರ ಕಚೇರಿಯಲ್ಲಿ ಬರೆಹದಲ್ಲಿ ಕೇಳಿ ಪಡೆಯುವುದು ಒಳ್ಳೆಯದು. ಬಾಯಿಮಾತಿನ ಒಪ್ಪಿಗೆ ಆ ಸಿಬ್ಬಂದಿಯ ವರ್ಗಾವಣೆಯ ದಿನಕ್ಕೆ ಮುಗಿದುಹೋಗುತ್ತದೆ; ಇದನ್ನು ನಾನು ಬೇರೆ ಬೇರೆ ಊರುಗಳಲ್ಲಿ ಸಾಕಷ್ಟು ಸಲ ಕಂಡಿದ್ದೇನೆ. ತಲೆಮಾರುಗಳಿಂದ ಮೇಯಿಸುತ್ತ ಬಂದ ಹಕ್ಕನ್ನೇ ಸ್ಥಾಪಿಸಬೇಕೆಂದಿದ್ದರೆ ಅದರ ದಾರಿ 2006ರ ಅರಣ್ಯ ಹಕ್ಕು ಕಾಯ್ದೆ. ಆದರೆ ಇತರ ಪಾರಂಪರಿಕ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಮುಂಚಿನ ಮೂರು ತಲೆಮಾರು, ಅಂದರೆ 75 ವರ್ಷಗಳ ವಾಸ ಮತ್ತು ಅವಲಂಬನೆಯ ಪುರಾವೆ ಕೊಡಬೇಕಾಗುತ್ತದೆ.

ಕುರಿಗಾರರು ಹೆಚ್ಚಾಗಿ ತಿಳಿಯದೆ ಉಳಿಯುವ ಒಂದು ಕಲಮು 33-ಎ. ಧಾಮದ ಒಳಗೂ ಅದರ ಸುತ್ತಲಿನ ಐದು ಕಿಲೋಮೀಟರ್ ವ್ಯಾಪ್ತಿಯಲ್ಲೂ ಇರುವ ಜಾನುವಾರುಗಳಿಗೆ ಸಾಂಕ್ರಾಮಿಕ ರೋಗಗಳ ವಿರುದ್ಧ ಲಸಿಕೆ ಹಾಕಿಸುವ ವ್ಯವಸ್ಥೆ ಮಾಡಬೇಕೆಂದು, ಲಸಿಕೆಯಾಗದ ಜಾನುವಾರನ್ನು ಧಾಮದಲ್ಲಿ ಮೇಯಿಸಬಾರದೆಂದು ಅದು ಹೇಳುತ್ತದೆ. ಇದು ಕಾಗದದ ಕಟ್ಟಳೆಯಲ್ಲ. ಕುರಿಗಾರರು ಹಿರೇಬೇನೆ ಎನ್ನುವ ಪಿಪಿಆರ್ ರೋಗ ಕುರಿ-ಆಡುಗಳಿಂದ ಕೊಂಡುಕುರಿ, ಚಿಂಕಾರಗಳಂಥ ಕಾಡುಪ್ರಾಣಿಗಳಿಗೂ ಹರಡಬಲ್ಲದು. ಮಾವನವರು ಗುಡ್ಡದ ಪ್ರಶ್ನೆಯನ್ನು ಎತ್ತುವ ಮೊದಲು ಪಶುವೈದ್ಯರಿಂದ ಇಡೀ ಹಿಂಡಿಗೆ ಲಸಿಕೆ ಹಾಕಿಸಿ, ಅದರ ದಾಖಲೆಯನ್ನು ಕೈಯಲ್ಲಿಟ್ಟುಕೊಂಡು ಅರಣ್ಯ ಕಚೇರಿಗೆ ಹೋದರೆ ಮಾತಿನ ಧಾಟಿಯೇ ಬೇರೆಯಾಗುತ್ತದೆ.

ಹಾಗೆಂದು ಕುರಿಯಿಂದ ಗುಡ್ಡಕ್ಕೆ ತೊಂದರೆಯೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಮುಂಗಾರಿನ ಮೊದಲ ಮಳೆಗೆ ಚಿಗುರಿದ ಹುಲ್ಲನ್ನು ಆರಂಭದಲ್ಲೇ ಬುಡಸಮೇತ ಮೇಯಿಸಿದರೆ ಒಳ್ಳೆಯ ಹುಲ್ಲು ಬೀಜ ಕಟ್ಟುವುದೇ ಇಲ್ಲ. ಆ ಜಾಗಕ್ಕೆ ಕುರಿಯೂ ಮೂಸದ ಬಾದೆ ಹುಲ್ಲು ಹಬ್ಬುತ್ತದೆ. ಬೇಸಿಗೆಗೆ ಎದೆಯೆತ್ತರ ಒಣಗಿ ನಿಲ್ಲುವ ಅದಕ್ಕೆ ಒಂದು ಬೀಡಿಯ ಕಿಡಿ ಸಾಕು. ಹೊಸ ಚಿಗುರು ಬರಲಿ ಎಂದು ಬೇಕೆಂದೇ ಬೆಂಕಿ ಹಚ್ಚುವವರೂ ಇದ್ದಾರೆ. ಧಾಮದಲ್ಲಿ ಬೆಂಕಿ ಹಚ್ಚುವುದಕ್ಕೆ 30ನೆಯ ಕಲಮಿನಲ್ಲಿ ನೇರ ನಿಷೇಧವಿದೆ. ಇದರಲ್ಲಿ ನಾನು ಯಾವ ಸಡಿಲಿಕೆಯ ಪರವಾಗಿಯೂ ಇಲ್ಲ. ಸುಟ್ಟ ಗುಡ್ಡದ ಮೇಲೆ ನಡೆದರೆ ಕಾಲಡಿಯಲ್ಲಿ ಸಿಗುವುದು ನಕ್ಷತ್ರ ಆಮೆಯ ಚಿಪ್ಪು. ಉಳಿದ ಪ್ರಾಣಿಗಳು ಓಡಿಹೋಗುತ್ತವೆ, ಆಮೆ ಓಡುವುದಿಲ್ಲ.

ಕುರಿಗೂ ಕಾಡುಪ್ರಾಣಿಗೂ ಇರುವ ನಂಟು ಒಂದೇ ಬಗೆಯದಲ್ಲ ಎಂಬುದಕ್ಕೆ ಒಂದು ಉದಾಹರಣೆ ಹೇಳಬೇಕು. ಡೋಣಿ ಕಡೆಯ ಒಂದು ಬೋಳು ಕಲ್ಲಿನ ಬಳಿ ಒಮ್ಮೆ ಸುಣ್ಣದ ಉಂಡೆಗಳಂತೆ ಬೆಳ್ಳಗೆ ಬಿದ್ದಿದ್ದ ಲದ್ದಿಯ ರಾಶಿಯನ್ನು ಕಂಡೆ. ಜತೆಗಿದ್ದ ಕುರಿಗಾರರು ನನಗಿಂತ ಮೊದಲೇ ‘ಕಿರುಬನದ್ರೀ’ ಎಂದರು. ಕತ್ತೆಕಿರುಬ ಎಲುಬನ್ನೇ ಜಗಿದು ಅರಗಿಸಿಕೊಳ್ಳುವ ಪ್ರಾಣಿ. ಎಲುಬಿನ ಸುಣ್ಣದಿಂದ ಲದ್ದಿ ಒಣಗಿದ ಮೇಲೆ ಬಿಳಿಯಾಗುತ್ತದೆ, ಮತ್ತು ಲದ್ದಿ ಹಾಕಲು ಕಿರುಬ ಮತ್ತೆ ಮತ್ತೆ ಅದೇ ಜಾಗಕ್ಕೆ ಬರುತ್ತದೆ. ಒಂದು ಉಂಡೆಯನ್ನು ಕಡ್ಡಿಯಿಂದ ಒಡೆದು ನೋಡಿದಾಗ ಒಳಗಿದ್ದುದು ಕರಿ ಉಣ್ಣೆಯ ಎಳೆಗಳು. ಬೇನೆಯಿಂದ ಸತ್ತು, ಊರಾಚೆ ಎಸೆದ ಕುರಿಯನ್ನು ಈ ಪ್ರಾಣಿ ರಾತ್ರಿಯೇ ತಿಂದು ಜಾಗ ಸ್ವಚ್ಛ ಮಾಡಿತ್ತು. ತೋಳದ ಮಾತು ಬೇರೆ. ಅದು ಜೀವಂತ ಮರಿಯನ್ನೂ ಹೊತ್ತೊಯ್ಯುತ್ತದೆ, ಕುರಿಗಾರರ ಸಿಟ್ಟು ನ್ಯಾಯವಾದದ್ದೇ. ಆದರೆ ತೋಳ ಕಾಯ್ದೆಯ ಮೊದಲನೆಯ ಅನುಸೂಚಿಯ ಪ್ರಾಣಿ, ಎಂದರೆ ಅತ್ಯುನ್ನತ ರಕ್ಷಣೆ ಪಡೆದದ್ದು. ಸತ್ತ ಕುರಿಗೆ ವಿಷ ಸವರಿ ಇಡುವುದನ್ನೂ ಕಾಯ್ದೆ ಬೇಟೆ ಎಂದೇ ಪರಿಗಣಿಸುತ್ತದೆ, ಮತ್ತು ಆ ವಿಷಕ್ಕೆ ಮೊದಲು ಬಲಿಯಾಗುವುದು ತಪ್ಪಿಲ್ಲದ ಕತ್ತೆಕಿರುಬ, ಹಿಂಡಿನ ಕಾವಲು ನಾಯಿ.

ಈಗ ಮಾಗಡಿಗೆ ಬರೋಣ. ಗುಡ್ಡದಂತಲ್ಲದೆ ಈ ಕೆರೆ ಮನುಷ್ಯರೇ ಕಟ್ಟಿದ್ದು, ಹೊಲಗಳಿಗೆ ಮಳೆನೀರು ಹಿಡಿದಿಡುವುದಕ್ಕೆ. ವಿಸ್ತಾರ ಸುಮಾರು 54 ಹೆಕ್ಟೇರ್. ಕಪ್ಪತಗುಡ್ಡ ಧಾಮದ ಪಕ್ಕ ಇಟ್ಟರೆ ಅಂಗೈಯಷ್ಟು. ಆದರೂ ಇಲ್ಲಿ 166 ಜಾತಿಯ ಪಕ್ಷಿಗಳು ದಾಖಲಾಗಿವೆ, ಮತ್ತು ಪಟ್ಟೆತಲೆ ಹೆಬ್ಬಾತುಗಳು ಚಳಿಗಾಲ ಕಳೆಯಲು ಬರುವ ದಕ್ಷಿಣ ಭಾರತದ ಅತಿದೊಡ್ಡ ನೆಲೆಗಳಲ್ಲಿ ಇದು ಒಂದು. ಪ್ರತಿ ಚಳಿಗಾಲಕ್ಕೆ ಸುಮಾರು 8,000 ಬರುತ್ತವೆ ಎಂಬುದು ಅಧಿಕೃತ ಅಂದಾಜು. ಮಂಗೋಲಿಯಾ, ಟಿಬೆಟ್, ಲಡಾಖ್‌ಗಳ ಎತ್ತರದ ಸರೋವರಗಳ ದಂಡೆಯಲ್ಲಿ ಮರಿ ಮಾಡುವ ಈ ಹಕ್ಕಿ ಹಿಮಾಲಯವನ್ನು ದಾಟಿ ಬರುತ್ತದೆ. ಉಪಗ್ರಹ ಸಾಧನ ಕಟ್ಟಿ ಅಳೆದಾಗ ಒಂದು ಹಕ್ಕಿ 7,290 ಮೀಟರ್ ಎತ್ತರದಲ್ಲಿ ಹಾರಿದ್ದು ದಾಖಲಾಗಿದೆ. ತೆಳುಗಾಳಿಯಲ್ಲೂ ಆಮ್ಲಜನಕವನ್ನು ಗಟ್ಟಿಯಾಗಿ ಹಿಡಿದುಕೊಳ್ಳುವ ಹಿಮೋಗ್ಲೋಬಿನ್ ಅದರ ರಕ್ತದಲ್ಲಿದೆ. ಮಂಗೋಲಿಯಾದಲ್ಲಿ ಕೊರಳಪಟ್ಟಿ ತೊಡಿಸಿದ ಬಾತುಗಳು ನಮ್ಮ ಕರ್ನಾಟಕದ ಕೆರೆಗಳಲ್ಲಿ ಕಾಣಿಸಿಕೊಂಡದ್ದೂ ಉಂಟು.

2024ರ ಜನವರಿ ಕೊನೆಗೆ ಮಾಗಡಿ ಕೆರೆ, ವಿಜಯನಗರ ಜಿಲ್ಲೆಯ ಅಂಕಸಮುದ್ರ ಮತ್ತು ಉತ್ತರ ಕನ್ನಡದ ಅಘನಾಶಿನಿ ಅಳಿವೆ, ಈ ಮೂರೂ ರಾಮ್ಸಾರ್ ಪಟ್ಟಿಗೆ ಸೇರಿದವು. ಅದಕ್ಕೆ ಮೊದಲು ರಾಜ್ಯದಿಂದ ಇದ್ದದ್ದು ರಂಗನತಿಟ್ಟು ಒಂದೇ. ರಾಮ್ಸಾರ್ ಎಂಬುದು ಇರಾನಿನ ಒಂದು ಊರು. 1971ರಲ್ಲಿ ಅಲ್ಲಿ ಜೌಗುಪ್ರದೇಶಗಳ ರಕ್ಷಣೆಗಾಗಿ ಒಪ್ಪಂದವಾಯಿತು, ಭಾರತ 1982ರಲ್ಲಿ ಅದನ್ನು ಸೇರಿತು. ಈ ಹೆಸರು ಬಂದ ಮಾತ್ರಕ್ಕೆ ಯಾರ ಜಮೀನೂ ಹೋಗುವುದಿಲ್ಲ, ಕೆರೆಯ ನೀರು ಹೊಲಕ್ಕೆ ಹರಿಯುವುದೂ ನಿಲ್ಲಬೇಕಾಗಿಲ್ಲ. ಒಪ್ಪಂದದ ತಿರುಳೇ ‘ವಿವೇಕದ ಬಳಕೆ’: ಕೆರೆಯ ಗುಣ ಕೆಡದಂತೆ ಬಳಸಿಕೊಳ್ಳಿ ಎಂಬುದು. ದೇಶವು ಹೊರಗಿನವರ ಮುಂದೆ ಕೊಟ್ಟ ಮಾತು ಅದು. ಅರಣ್ಯ ಕಾವಲುಗಾರನ ಕೈಗೆ ಹೊಸ ಕಾನೂನಿನ ಕೋಲು ಕೊಟ್ಟಂತಲ್ಲ. ನಿಜವಾಗಿ ಜಾರಿಯಲ್ಲಿರುವ ಕಾನೂನು ಸಂರಕ್ಷಣಾ ಮೀಸಲಿನದು. ಅದರಲ್ಲಿ ನಿಮ್ಮ ಅಣ್ಣನಂಥವರಿಗೆ ಉಪಯೋಗವಾಗುವ ಒಂದು ಅಂಶವಿದೆ: 36-ಬಿ ಕಲಮಿನಂತೆ ಮೀಸಲಿಗೊಂದು ನಿರ್ವಹಣಾ ಸಮಿತಿ ಇರಬೇಕು, ಅದರಲ್ಲಿ ಮೀಸಲು ಇರುವ ಪ್ರತಿ ಗ್ರಾಮ ಪಂಚಾಯಿತಿಗೂ ಒಬ್ಬ ಪ್ರತಿನಿಧಿ, ಕೃಷಿ ಇಲಾಖೆ ಮತ್ತು ಪಶುಸಂಗೋಪನಾ ಇಲಾಖೆಗಳಿಂದ ತಲಾ ಒಬ್ಬರು ಇರಬೇಕು. ಧಾಮದ ಸಲಹಾ ಸಮಿತಿಗಿಂತ ಇದು ಊರಿಗೆ ಹೆಚ್ಚು ಹತ್ತಿರ. ಬಾತುಗಳ ತಕರಾರನ್ನು ಚಹಾದಂಗಡಿಯ ಕಟ್ಟೆಯಲ್ಲಿ ಆಡುವುದಕ್ಕಿಂತ ಆ ಸಮಿತಿಯ ಮುಂದೆ, ಕೃಷಿ ಇಲಾಖೆಯವರು ಎದುರಿಗಿರುವಾಗ, ಇಡುವುದು ಫಲಕಾರಿ. ಪಂಚಾಯಿತಿಯ ಆ ಸ್ಥಾನದಲ್ಲಿ ಸದ್ಯ ಯಾರಿದ್ದಾರೆಂದು ಅಣ್ಣ ಮೊದಲು ವಿಚಾರಿಸಲಿ.

ತಕರಾರಿನ ಒಳಗಿನ ಸತ್ಯವನ್ನೂ ಸ್ವಲ್ಪ ಬಿಡಿಸಿ ನೋಡಬೇಕು. ಈ ಬಾತುಗಳು ಹಗಲೆಲ್ಲ ಕೆರೆಯಲ್ಲಿ, ದಂಡೆಯಲ್ಲಿ ವಿಶ್ರಮಿಸಿ, ಸಂಜೆ ಮಬ್ಬಾಗುತ್ತಿದ್ದಂತೆ ಸಾಲುಸಾಲಾಗಿ ಹೊಲಗಳ ಕಡೆಗೆ ಏಳುತ್ತವೆ. ಒಕ್ಕಿದ ಶೇಂಗಾ ಹೊಲದಲ್ಲಿ ಉಳಿದ ಕಾಯಿಗಳನ್ನು ಆಯ್ದು ತಿಂದರೆ ಯಾರಿಗೂ ನಷ್ಟವಿಲ್ಲ. ಹಿಕ್ಕೆಯ ಗೊಬ್ಬರ ಲಾಭವೇ. ನಷ್ಟವಾಗುವುದು ನವೆಂಬರ್‌ನಲ್ಲಿ, ಹಕ್ಕಿಗಳು ಬಂದಿಳಿಯುವ ಹೊತ್ತಿಗೆ ಹಿಂಗಾರಿ ಕಡಲೆ ಇನ್ನೂ ಎಳೆಯದಾಗಿದ್ದರೆ. ಹೆಬ್ಬಾತು ಬಯಸುವುದು ಬಯಲು ಮತ್ತು ಗಿಡ್ಡ ಪೈರು. ನಾಲ್ಕೂ ದಿಕ್ಕು ಕಾಣದ, ಎತ್ತರದ ಬೆಳೆಯೊಳಗೆ ಇಳಿಯಲು ಅದು ಹಿಂಜರಿಯುತ್ತದೆ. ಆದ್ದರಿಂದ ಕೆರೆಗೆ ತಾಗಿದ ಹೊಲಗಳಲ್ಲಿ ಹದ ಸಿಕ್ಕ ಕೂಡಲೇ ಬಿತ್ತಿ ಪೈರನ್ನು ಮುಂದಕ್ಕೆ ಹಾಕುವುದು, ಕೆರೆಯ ಮಗ್ಗುಲಿಗೆ ಜೋಳ ಹಾಕಿ ಕಡಲೆಯನ್ನು ಆಚೆಯ ಹೊಲಕ್ಕೆ ಸರಿಸುವುದು, ನಮ್ಮ ಹಿರಿಯರು ದನ ನುಗ್ಗದಿರಲೆಂದು ಹೊಲದ ಅಂಚಿಗೆ ಹಾಕುತ್ತಿದ್ದ ಮುಳ್ಳೆಲೆಯ ಕುಸುಬೆಯ ಸಾಲನ್ನು ಮತ್ತೆ ತರುವುದು, ಇವೆಲ್ಲ ಅಣ್ಣ ಒಂದು ಹಂಗಾಮಿನಲ್ಲಿ ಮಾಡಿ ನೋಡಬಹುದಾದವು. ಪಟಾಕಿ ಹೊಡೆದರೆ ಹಿಂಡು ಪಕ್ಕದವರ ಹೊಲಕ್ಕೆ ಹೋಗುತ್ತದೆ, ಅಷ್ಟೇ. ಹಾನಿಯಾದ ದಿನವೇ ಫೋಟೊ ತೆಗೆದು, ಪಹಣಿ ಉತಾರದೊಂದಿಗೆ ಅರಣ್ಯ ಕಚೇರಿಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಲಿ. ಬಾತು ತಿಂದದ್ದಕ್ಕೂ ದಾಖಲೆ ಇದ್ದರೆ ಮಾತ್ರ ಸಮಿತಿಯಲ್ಲಿ ಆ ಮಾತು ನಿಲ್ಲುತ್ತದೆ.

ಈಗ ನಿಮ್ಮ ಸಸಿಗಳ ವಿಷಯ. ದಯವಿಟ್ಟು ಕೆರೆಯ ದಂಡೆಯಲ್ಲಿ ನೆಡಿಸಬೇಡಿ. ಇದನ್ನು ಶಿಕ್ಷಕಿಯೊಬ್ಬರಿಗೆ ಹೇಳುವುದು ನನಗೂ ಸಂತೋಷದ ಕೆಲಸವಲ್ಲ. ಆದರೆ ಬಾತುಗಳು ಮಾಗಡಿಯನ್ನು ಆರಿಸಿಕೊಂಡಿರುವುದೇ ಅದು ಬೋಳಾಗಿರುವುದರಿಂದ: ನಿಧಾನ ಇಳಿಜಾರಿನ ದಂಡೆ, ಆಳವಿಲ್ಲದ ನೀರು, ಸುತ್ತ ಎರೆಹೊಲ, ನಾಯಿಯೋ ನರಿಯೋ ಬಂದರೆ ದೂರದಿಂದಲೇ ಕಾಣುವ ಬಯಲು. ದಂಡೆಗೆ ಮರ ಬೆಳೆದರೆ ನೋಟ ಮುಚ್ಚುತ್ತದೆ, ಹದ್ದು-ಗಿಡುಗಗಳಿಗೆ ಕೂರಲು ಕೊಂಬೆ ಸಿಗುತ್ತದೆ, ಬಾತು ಬೇರೆ ಕೆರೆ ಹುಡುಕುತ್ತದೆ. ಮರ ಇಲ್ಲದ ನೆಲವೆಲ್ಲ ಹಾಳುಭೂಮಿ ಎಂಬ ಕಲ್ಪನೆ ನಮ್ಮ ಬಯಲುಸೀಮೆಗೆ ಮಾಡಿದಷ್ಟು ಕೇಡನ್ನು ಬೇಟೆಗಾರರೂ ಮಾಡಿಲ್ಲವೇನೋ. ರಾಣೆಬೆನ್ನೂರು ಇದಕ್ಕೆ ಸಾಕ್ಷಿ. ಅಲ್ಲಿನ 119 ಚದರ ಕಿಲೋಮೀಟರ್ ಪ್ರದೇಶ 1974ರಲ್ಲಿಯೇ ಕೃಷ್ಣಮೃಗ ಧಾಮವಾಯಿತು, ಅಂದರೆ ನಾನು ಮೇಲೆ ಹೊಗಳಿದ ಗಟ್ಟಿ ಹೆಸರು ಅದಕ್ಕೆ ಅರ್ಧ ಶತಮಾನದಿಂದ ಇದೆ. ಆದರೆ ಹುಲ್ಲುಗಾವಲಿನ ಬಹುಭಾಗಕ್ಕೆ ನೀಲಗಿರಿ ನೆಟ್ಟಿದ್ದರು. ಚಿಗರಿ, ಅಂದರೆ ಕೃಷ್ಣಮೃಗ, ಹೇಗೋ ಹೊಂದಿಕೊಂಡು ಉಳಿಯಿತು. ಹುಬ್ಬಳ್ಳಿ–ಧಾರವಾಡದ ಬಸ್ಸಿಗೆ ಹೆಸರನ್ನೂ ಕೊಟ್ಟಿತು. ಬಯಲು ಹುಲ್ಲೇ ಬೇಕಾಗಿದ್ದ ಎರ್ಲಡ್ಡು ಹಕ್ಕಿ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಅಲ್ಲಿಂದ ಕಣ್ಮರೆಯಾಯಿತು. ಧಾಮ ಎಂಬ ಹೆಸರು ಎಲ್ಲೆಯನ್ನು ಕಾಯುತ್ತದೆ, ಎಲ್ಲೆಯೊಳಗೆ ಏನು ನೆಡಬೇಕೆಂಬ ತಿಳಿವಳಿಕೆಯನ್ನು ಅದು ಕೊಡುವುದಿಲ್ಲ.

ಮಕ್ಕಳಿಗೆ ಕೆಲಸ ಬೇಕಲ್ಲ; ಸಸಿಗಳು ಶಾಲೆಯ ಅಂಗಳಕ್ಕೂ ಊರ ರಸ್ತೆಯ ಬದಿಗೂ ಇರಲಿ. ಮಾಗಡಿಗೆ ಅವರನ್ನು ಮಳೆಗಾಲದ ಬದಲು ಜನವರಿಯಲ್ಲಿ ಕರೆದೊಯ್ಯಿರಿ. ಏಷ್ಯಾದಾದ್ಯಂತ ನೀರುಹಕ್ಕಿಗಳ ಗಣತಿ ನಡೆಯುವುದು ಆ ತಿಂಗಳಲ್ಲೇ. ಅರಣ್ಯ ಇಲಾಖೆಗೆ ಮುಂಚಿತವಾಗಿ ತಿಳಿಸಿ, ಸೂರ್ಯ ಮುಳುಗುವ ಅರ್ಧ ತಾಸು ಮೊದಲು ಏರಿಯ ಮೇಲೆ, ಹಕ್ಕಿಗಳಿಂದ ಸಾಕಷ್ಟು ದೂರದಲ್ಲಿ, ಸದ್ದಿಲ್ಲದೆ ಕೂರಿಸಿ. ನೀರಿನ ಮೇಲೆ ಕಿಕ್ಕಿರಿದು ನಿಂತ ಹಿಂಡನ್ನು ಎಣಿಸಲು ಹೋದರೆ ದೊಡ್ಡವರಿಗೂ ಲೆಕ್ಕ ತಪ್ಪುತ್ತದೆ. ಹಿಂಡು ಏಳುವಾಗ ಎಣಿಸುವುದು ಸುಲಭ. ಒಬ್ಬೊಬ್ಬ ಹುಡುಗ-ಹುಡುಗಿಗೆ ಆಕಾಶದ ಒಂದೊಂದು ದಿಕ್ಕನ್ನು ಹಂಚಿಕೊಡಿ, ಆ ದಿಕ್ಕಿಗೆ ಹೋದ ಪ್ರತಿ ಸಾಲಿನಲ್ಲಿ ಎಷ್ಟು ಹಕ್ಕಿಗಳಿದ್ದವು ಎಂಬುದನ್ನು ಬರೆದುಕೊಳ್ಳಲಿ, ಹಾಗೆಯೇ ಯಾರ ಹೊಲದ ಕಡೆಗೆ ಇಳಿದವು ಎಂಬುದನ್ನೂ. ತಲೆಯ ಹಿಂದೆ ಎರಡು ಕಪ್ಪು ಪಟ್ಟೆ ಇರುವುದನ್ನು ಮಾತ್ರ ಹೆಬ್ಬಾತು ಎಂದು ಗುರುತಿಸಬೇಕೆಂದು ಮೊದಲೇ ಹೇಳಿಕೊಡಿ. ಉಳಿದ ಬಾತುಗಳಿಗೆ ಬೇರೆ ಪುಟ. ಎರಡು-ಮೂರು ಚಳಿಗಾಲ ಹೀಗೆ ಬರೆದಿಟ್ಟ ನೋಟುಪುಸ್ತಕದಲ್ಲಿ ಯಾವ ದಿಕ್ಕಿನ, ಯಾವ ಬೆಳೆಯ ಹೊಲಕ್ಕೆ ಬಾತುಗಳು ಹೆಚ್ಚು ಇಳಿಯುತ್ತವೆ ಎಂಬುದು ಕಾಣತೊಡಗುತ್ತದೆ, ಮತ್ತು ಅಣ್ಣ ನಿರ್ವಹಣಾ ಸಮಿತಿಯ ಮುಂದೆ ಇಡಬೇಕಾದ ದಾಖಲೆಯೂ ಅದೇ.